ಇರುವಿ ಒಲ್ಲದ ಹೋಳಿಗಿ

ನಮ್ಮ ಕಡೆ ಸಕ್ಕರಿ ಜಡ್ಡು ಡಾಕ್ಟರಕಿಂತ ಮೊದಲ ಇರುವಿಗೆ ಗೊತ್ತಾಗತೈತಿ. ಬಚ್ಚಲ ಮೂಲ್ಯಾಗ ಇರುವಿ ಸಾಲ ಹಿಡದ್ವು ಅಂದ್ರ ಆ ಮನ್ಯಾಗ ಯಾರಿಗೋ ಸಕ್ಕರಿ ಹತ್ತೇತಿ ಅಂತ ತಿಳಕೋಬೇಕು. ಉಚ್ಚಿ ಹೊಯ್ದ ಜಾಗಾ ಹುಡುಕ್ಕೊಂಡು ಅವು ಬರ್ತಾವು. ಓದಿದವರು ನಗ್ತಾರ, ನಗಲಿ. ನಮ್ಮತ್ತಿಯವರಿಗೆ ಸಕ್ಕರಿ ಐತಿ ಅಂತ ಮೊದಲ ಹೇಳಿದ್ದು ಯಾವ ದವಾಖಾನಿನೂ ಅಲ್ಲ. ಒಂದಿನ ಮುಂಜಾನೆ ಬಾಜೂಮನಿ ಚಾಚಿ ಹಾಲು ಒಯ್ಯಾಕ ಬಂದಾಕಿ, ಬಚ್ಚಲದಾಗ ಇಣಿಕಿ ನೋಡಿ, "ನಿಮ್ಮತ್ತೀನ ಹುಬ್ಬಳ್ಳಿಗೆ ಕರಕೊಂಡ ಹೋಗ ಬೇ, ತಡಾ ಮಾಡಬ್ಯಾಡ" ಅಂದ್ಲು. ರಕ್ತ ತಪಾಸ ಮಾಡಿಸಿದ್ರ ಆಕಿ ಅಂದಿದ್ದ ಖರೇ ಆತು. ಅವತ್ತಿನಿಂದ ನಾ ಇರುವಿ ಮಾತು ನಂಬಾಕತ್ತಿದೆ.

ನಮ್ಮದು ಅಣ್ಣಿಗೇರಿ ಬಾಜೂಕಿನ ಹಳ್ಳಿ. ಮಗಳು ಧಾರವಾಡದಾಗ ಓದಾಕತ್ತಾಳ. ಮನ್ಯಾಗ ಉಳದವರು ಮೂರ ಮಂದಿ: ಅತ್ತಿಯವರು, ನಮ್ಮನಿಯವರು, ನಾನು. ಮಾವನವರು ತೀರಿಕೊಂಡು ಭಾಳ ವರ್ಷ ಆತು. ಪಡಸಾಲಿ ಗ್ವಾಡಿ ಮ್ಯಾಲ ರುಮಾಲ ಸುತ್ತಿಕೊಂಡು ಫೋಟೋದಾಗ ಕುಂತಾರ. ನಮ್ಮನಿಯವರದು ಅಣ್ಣಿಗೇರ್ಯಾಗ ಬೀಜ ಗೊಬ್ಬರದ ಅಂಗಡಿ. ಮುಂಜಾನೆ ಹೋದ್ರ ಹೊತ್ತ ಮುಣಗಿದ ಮ್ಯಾಲ ಬರ್ತಾರ. ಹಿಂಗಾಗಿ ಹಗಲೆಲ್ಲಾ ಮನ್ಯಾಗ ಅತ್ತಿ ಸೊಸಿ ಇಬ್ಬರ. ಪಾಯಿಖಾನಿ ಹಿತ್ತಲ ತುದ್ಯಾಗ ಐತಿ, ಗಂಡಸರು ಅಲ್ಲಿಗೇ ಹೋಗ್ತಾರ. ಹೆಂಗಸರು ಸಣ್ಣ ಕೆಲಸಕ್ಕ ಒಳಗಿನ ಬಚ್ಚಲಕ್ಕ ಹೋಗೂದು ಮೊದಲಿಂದ ಬಂದ ರೂಢಿ.

ಹೋದ ವರ್ಷ ಹತ್ತಿ ಕಟಗಿ ಕಡದ ಮ್ಯಾಲ ಅತ್ತಿಯವರು ಹೊಲಾ ನೋಡ್ಕೊಂಡ ಬರ್ತೀನಿ ಅಂತ ಹೋದಾಗ, ಸವದ ಚಪ್ಪಲಿ ತೂರಿ ಒಂದ ಕಟಗಿ ಮೋಟು ಕಾಲಿನ ಹೆಬ್ಬೆಟ್ಟಿಗೆ ಹೊಕ್ತು. ಅರಿಷಿಣ ಹಚ್ಚಿದ್ವಿ, ಬೇವಿನ ನೀರಿನ್ಯಾಗ ತೊಳದ್ವಿ, ಗಾಯ ಮಾಯವಲ್ದು. ಹುಬ್ಬಳ್ಳಿ ಡಾಕ್ಟರು ಬೆಟ್ಟು ಹಿಡದು ತಿರುವಿ ನೋಡಿ ಅಂದ್ರು: "ಸಕ್ಕರಿ ಇಳೀಲಿಲ್ಲ ಅಂದ್ರ ಬೆಟ್ಟು ತೆಗೀಬೇಕಾಗತೈತ್ರಿ. ಅಲ್ಲಿಗೇ ನಿಲ್ಲತೈತಿ ಅಂತನೂ ನಾ ಹೇಳಂಗಿಲ್ಲ." ಹೊರಗ ಬಂದ್ರ ಬಾಕಿನ ಮ್ಯಾಲ ನಮ್ಮತ್ತಿ ವಾರಿಗಿ ಹೆಣಮಗಳೊಬ್ಬಾಕಿ ಕುಂತಿದ್ಲು. ಮೊಳಕಾಲ ಕೆಳಗ ಸೀರಿ ಸಪಾಟ ಬಿದ್ದಿತ್ತು, ಒಳಗ ಏನೂ ಇರಲಿಲ್ಲ. ಆಕಿ ಆರಾಮ ಚಹಾ ಕುಡ್ಯಾಕತ್ತಿದ್ಲು. ನಮ್ಮತ್ತಿ ಬಸ್ಸಿನ್ಯಾಗ ನನ್ನ ಕೈ ಹಿಡದವರು ಅಣ್ಣಿಗೇರಿ ಬರೂತನಕ ಬಿಡಲಿಲ್ಲ. "ನನ್ನ ಕಾಲ ಉಳಸ ಬೇ," ಅಂದ್ರು. ಮದಿವಿ ಆಗಿ ಬಂದಾಗಿಂದ ಅವರು ನನಗೆ ಏನರೆ ಬೇಡಿದ್ದಂದ್ರ ಅದೊಂದ.

ಉಳಸ್ತೀನಿ ಅಂದೆ. ಅನ್ನೂದೇನು, ಸಸಾರ. ಹೆಂಗ ಉಳಸೂದು? ನಮ್ಮತ್ತಿಗೆ ಊಟದ ಕಡೀಕ ಒಂದ ತುತ್ತು ಸಿಹಿ ಬೇಕು. ಅದಿಲ್ಲಂದ್ರ ಗಂಗಾಳದಾಗ ಕೈ ತೊಳೀತಿರಲಿಲ್ಲ. ಸಿಹಿ ಬಂದ್ ಮಾಡಿದ ಮೊದಲ ವಾರದಾಗ ಊಟಾನ ಬಿಟ್ರು. ಗುಳಗಿ ತಗೊಂಡು ಉಪವಾಸ ಕುಂತು ಒಂದ ಮಧ್ಯಾಹ್ನ ಕಣ್ಣಿಗೆ ಕತ್ತಲಿ ಬಂದು ಕಂಬಕ್ಕ ಆತು ಕುಸದ್ರು. ಬೈಲೋ ಅಳಲೋ ತಿಳೀದ ನಾ ಎರಡೂ ಮಾಡಿದೆ.

ಔಷಧಿ ಅಂಗಡ್ಯಾಂವ ಎರಡ ಡಬ್ಬಿ ಕೊಟ್ಟ. ಒಂದರಾಗ ಯಾವುದೋ ಸಿಹಿ ಎಲಿಯಿಂದ ತಗದ ಪುಡಿ, ಸ್ಟೀವಿಯಾ ಅಂತ. ಚಿಟಿಕಿ ಹಾಕಿದ್ರ ಬಟ್ಟಲ ಸಕ್ಕರಿಯಷ್ಟು ಸಿಹಿ, ಆದ್ರ ನುಂಗಿದ ಮ್ಯಾಲ ಗಂಟಲದಾಗ ಬೇವು ಬಂದು ಕುಂದರತೈತಿ. ಇನ್ನೊಂದರಾಗ ಅಗದಿ ಸಕ್ಕರಿ ಹಳಕಿನಂಥಾ ಪದಾರ್ಥ. ಅದರ ಹೆಸರ ನನ್ನ ನಾಲಿಗಿ ಮ್ಯಾಲ ಹೊಳ್ಳಲಿಲ್ಲ. ಬಾಯಾಗ ಹಾಕ್ಕೊಂಡ್ರ ತಣ್ಣಗ ಆಗತಿತ್ತು. ಹೇಳಿದ್ರ ನಂಬ್ರಿ, ಉರಿಬಿಸಲಾಗ ಬೀದ್ಯಾಗ ನಿಂತ ಒಂದ ಹಳಕ ನಾಲಿಗಿ ಮ್ಯಾಲ ಇಟ್ಟೆ, ಬಾಯಿ ಒಳಗ ನೆಲಮಾಳಿಗಿ ಬಾಗಲಾ ತಗದಂಗ ತಂಪ ಹೊಕ್ತು. ನಾ ಅದಕ್ಕ ತಣ್ಣನ ಸಕ್ಕರಿ ಅಂತನ ಹೆಸರಿಟ್ಟೆ.

ಮೊದಲನೇ ಹೋಳಿಗಿ ಹೆಂಗಾಗಿತ್ತು ಅಂತ ನೆನಸಿದ್ರ ಈಗೂ ನಗು ಬರತೈತಿ, ಜೋಡೀಲೆ ಅಂಜಿಕಿನೂ ಬರತೈತಿ. ಬೆಲ್ಲ ಬರೇ ಸಿಹಿ ಅಲ್ಲ ಅನ್ನೂದು ನನಗ ಅವತ್ತ ತಿಳೀತು. ಕಡ್ಲಿಬ್ಯಾಳಿ ಹೂರಣ ಗಟ್ಟಿ ಆಗೂದು ಬೆಲ್ಲದಿಂದ, ಮೆತ್ತಗ ಉಳಿಯೂದು ಬೆಲ್ಲದಿಂದ, ಬಣ್ಣಾ ಬರೂದು ಬೆಲ್ಲದಿಂದ. ಅದನ್ನ ತಗದ್ರ ಹೂರಣ ಬರೇ ಬ್ಯಾಳಿ ಮುದ್ದಿ. ಲಟ್ಟಿಸಾಕ ಹೋದ್ರ ಕಣಕ ಹರದು ಪುಡಿ ಪುಡಿ ಉದರತಿತ್ತು. ಹಂಚಿನ ಮ್ಯಾಲ ಬೆಂದ್ರೂ ಬಣ್ಣಾ ತಿರಗಲಿಲ್ಲ, ಬೆಳ್ಳಗ, ರಕ್ತ ಬಸದ ಮಾರಿ ಇದ್ದಂಗ ಇತ್ತು. ಅತ್ತಿಯವರು ಒಂದ ತುತ್ತು ಬಾಯಾಗಿಟ್ಟು ದವಡಿ ನಿಲ್ಲಿಸಿ ಬಿಟ್ರು.

"ತಣ್ಣಗೈತಿ," ಅಂದ್ರು.

"ಬಿಸಿ ಐತ್ರಿ ಅತ್ತಿ, ಈಗ ಹಂಚಿನಿಂದ ತಗದೀನಿ."

"ಕೈಗೆ ಬಿಸಿ ಐತಿ. ಬಾಯಾಗ ತಣ್ಣಗೈತಿ. ಇದು ಬದುಕಿದ್ದವರು ತಿನ್ನೂದಲ್ಲ ಬೇ."

ಉಳದ ಹೋಳಿಗಿ ಕಿಡಕಿ ಕಟ್ಟಿ ಮ್ಯಾಲ ಇಟ್ಟಿದ್ನಿ. ಮಧ್ಯಾಹ್ನ ನೋಡಿದ್ರ ಇರುವಿ ಬಂದಿದ್ವು. ಬಂದು ಗಂಗಾಳದ ಅಂಚಿನತನಕ ಏರಿ, ಹೋಳಿಗಿ ಸುತ್ತ ಒಂದ ಸುತ್ತ ಹೊಡದು, ಮೀಸಿ ಆಡಿಸಿ, ಹಂಗ ಇಳದ ಹೋದ್ವು. ಒಂದೂ ಬಾಯಿ ಹಚ್ಚಲಿಲ್ಲ. ಅವು ತಿರಿಗಿ ಹೋಗೂದನ್ನ ನೋಡ್ಕೋಂತ ನಾ ಅಲ್ಲೇ ನಿಂತಿದ್ನಿ. ಊರಾಗ ಬಿಸಲ ಬಿಟ್ರ ಮತ್ತೇನೂ ಓಡ್ಯಾಡತಿರಲಿಲ್ಲ. ಇರುವಿ ಒಲ್ಲದ್ದನ್ನ ಮನಿ ಹಿರೇರಿಗೆ ಉಣಸಾಕ ಹೊಂಟೀನಲ್ಲಾ, ಶಿವನೇ, ಅಂತ ಅನ್ನಿಸ್ತು.

ಆದ್ರ ನಾನೂ ಸುಮ್ಮನ ಬಿಡೂ ಪೈಕಿ ಅಲ್ಲ. ನಮ್ಮವ್ವ ಅಂತಿದ್ಲು, ಹೋಳಿಗಿ ಹರದ್ರ ಹಿಟ್ಟಿನ ತಪ್ಪಲ್ಲ, ಕೈಯಿಂದು ಅಂತ. ಎರಡೂ ಡಬ್ಬಿ ಕೂಡಿಸಿ ನೋಡಿದೆ. ಒಂದರ ಕಹಿ ಇನ್ನೊಂದು ಮುಚ್ಚತಿತ್ತು, ಇನ್ನೊಂದರ ತಂಪು ಇದು ಕಡಿಮಿ ಮಾಡತಿತ್ತು. ತಣ್ಣನ ಸಕ್ಕರಿ ಆರಿದ ಮ್ಯಾಲ ಹಲ್ಲಿಗೆ ಮಳಲ ಸಿಕ್ಕಂಗ ಕರಕರ ಅಂತಿತ್ತು, ಅದಕ್ಕ ಮಿಕ್ಸರಿಗೆ ಹಾಕಿ ವಿಭೂತಿಯಂಗ ನುಣ್ಣಗ ಮಾಡಿಕೊಂಡೆ. ಹೂರಣ ಕೂಡಾಕ ಪುಟಾಣಿ ಹಿಟ್ಟು, ಮೆತ್ತಗಾಗಾಕ ಬತ್ತಿಸಿದ ಹಾಲು, ಕಹಿ ಅಡಗಸಾಕ ಶುಂಠಿ, ಯಾಲಕ್ಕಿ, ಜಾಜಿಕಾಯಿ, ಮ್ಯಾಲ ಒಂದ ಹರಳ ಉಪ್ಪು. ಹಾಲ ಬಿದ್ದ ಮ್ಯಾಲ ಹಂಚಿನ ಮ್ಯಾಲ ಬಣ್ಣಾನೂ ಬರಾಕತ್ತು. ಚಾಚಿ ಬಂದು ನೋಡಿ, "ಏನ ಬೇ, ಅಡಗಿ ಮಾಡಾಕತ್ತೀಯೋ ಮಾಟ ಮಾಡಾಕತ್ತೀಯೋ" ಅಂತ ಚಾಷ್ಟಿ ಮಾಡ್ತಿದ್ಲು.

ಒಂದ ತೊಡಕಿತ್ತು. ಖೋಟಾ ಹೋಳಿಗಿ ಖರೇದರಂಗ ಆಗೇತೋ ಇಲ್ಲೋ ಅಂತ ನೋಡಬೇಕಂದ್ರ ಖರೇದರ ರುಚಿ ನಾಲಿಗಿ ಮ್ಯಾಲ ಇರಬೇಕು. ಅದಕ್ಕ ಪ್ರತಿ ಸಲ ಬಾಜೂಕ ಒಂದಿಷ್ಟು ಬೆಲ್ಲದ ಹೂರಣಾನೂ ಮಾಡ್ತಿದ್ನಿ. ಮೊದಲ ಅದನ್ನ ತಿನ್ನೂದು, ಮ್ಯಾಲ ಇದನ್ನ ತಿನ್ನೂದು. ಏನ ಕಡಿಮಿ ಐತಿ? ಅಂಟು ಕಡಿಮಿ. ಮತ್ತೊಂದ ತುತ್ತು ಅದು, ಮತ್ತೊಂದ ತುತ್ತು ಇದು. ಅತ್ತಿ ಕಣ್ಣಿಗೆ ಬೀಳಬಾರದು ಅಂತ ಬೆಲ್ಲದ್ದನ್ನೆಲ್ಲಾ ನಾನ ತಿಂದು ಮುಗಸ್ತಿದ್ನಿ. ನಮ್ಮನಿಯವರಿಗೆ ಸಿಹಿ ಸೇರಂಗಿಲ್ಲ, ಖಾರದ ಮನಷ್ಯಾ. ಬೆಲ್ಲದ ಡಬ್ಬಿ ಕಪಾಟದಾಗ ಇಟ್ಟು ಕೀಲಿ ಹಾಕಿ ಕೀಲಿಕೈ ನಡದಾಗ ಸಿಗಸ್ಕೊಂಡಿದ್ನಿ. ಅದನ್ನ ನೋಡಿ ಚಾಚಿ "ಅತ್ತಿಗೊಂದು ಕಾಲ, ಸೊಸಿಗೊಂದು ಕಾಲ" ಅಂತ ಅತ್ತಿ ಎದುರಿಗೇ ಅಂದು ನಕ್ಕಿದ್ಲು. ಅತ್ತಿನೂ ನಕ್ಕಿದ್ರು.

ಹಬ್ಬಕ್ಕೊಂದು ಅಮಾಸಿಗೊಂದು ಅಂತಿದ್ದ ಹೋಳಿಗಿ ನಮ್ಮ ಮನ್ಯಾಗ ವಾರಕ್ಕ ಹಲವು ಸಲ ಆಗಾಕತ್ವು. ಹೋಳಿಗಿ ಆತು, ಮಾದ್ಲಿ ಆತು, ಶೇಂಗಾ ಉಂಡಿ ಆತು. ಮಳಿಗಾಲ ಮುಗಿಯೂದರಾಗ ಅತ್ತಿಯವರು ಒಂದಿನ ಹೋಳಿಗಿ ತಿಂದು, ತುಪ್ಪದ ಬೆಟ್ಟು ನೆಕ್ಕಿ, "ಇವತ್ತ ತಣ್ಣಗಿಲ್ಲ ನೋಡು" ಅಂದ್ರು. ನನಗ ಆಕಾಶ ಮೂರ ಗೇಣ ಉಳೀತು. ಅವರ ಗಾಯಾನೂ ಅಂಚಿನಿಂದ ಕೂಡ್ಕೋಂತ ಬರಾಕತ್ತಿತ್ತು.

ಅದ ಹೊತ್ತಿನ್ಯಾಗ ಇರುವಿ ಬಂದ್ವು.

ಮುಂಜಾನೆ ನೀರ ಕಾಸಾಕ ಬಚ್ಚಲಕ್ಕ ಹೋದ್ರ ಮೂಲ್ಯಾಗಿನ ಕಲ್ಲಿನ ಸುತ್ತ ಕೆಂಪ ಗೀರು. ಬಗ್ಗಿ ನೋಡಿದ್ರ ಗೀರು ಹರಿದಾಡಾಕತ್ತಿತ್ತು. ಸಾಲಿನ ಬುಡ ಎಲ್ಲೈತಿ ಅಂತ ಹಿಡಕೊಂಡ ಹ್ವಾದೆ. ಅಡಗಿಮನಿ ಕಡೆ ಹೊಳ್ಳಿರಲಿಲ್ಲ. ಹಿಟ್ಟಿನ ಡಬ್ಬಿ, ಹಾಲಿನ ಬೋಗಾಣಿ, ಯಾವುದರ ಹತ್ತೇಕನೂ ಹೋಗಿರಲಿಲ್ಲ. ಹೊಸ್ತಿಲ ಸಂದಿಯಿಂದ ಹೊಂಟು, ಪಡಸಾಲಿ ಗ್ವಾಡಿಗುಂಟ, ಮಾವನವರ ಫೋಟೋದ ಕೆಳಗ ಹಾದು ಸೀದಾ ಬಚ್ಚಲಕ್ಕ. ಯಾರೋ ದಾರಿ ತೋರಿಸಿ ಕಳಿಸಿದಂಗ ಬಂದಿದ್ವು. ಬಿಸಿನೀರ ಸುರವಿದೆ. ಮರುದಿನ ಮತ್ತ ಬಂದ್ವು, ಮೊದಲಿನಕಿಂತ ದಪ್ಪ ಸಾಲು.

ಇಷ್ಟ ತಿಂಗಳು ನಾ ಬೆಂಕಿ ಮುಂದ ಬೆಂದದ್ದು ಯಾಕ? ಅತ್ತಿ ಕದ್ದ ತಿನ್ನಾಕತ್ತಾರ! ಅತ್ತಿ ಹಾಸಿಗಿ ಝಾಡಿಸಿದೆ, ದಿಂಬಿನ ಗವಸಣಗಿ ತಗದ ನೋಡಿದೆ, ಎಲಿ ಅಡಿಕಿ ಚಂಚಿ ಬುಡಮೇಲ ಮಾಡಿದೆ. ಏನೂ ಸಿಗಲಿಲ್ಲ. ಚಾಚೀನ ಕೇಳಿದೆ, ನೀ ಏನರ ಕೊಡ್ತೀಯೇನ ಅಂತ. ಆಕಿ ಕಿವಿ ಹಿಡಕೊಂಡು ತೋಬಾ ತೋಬಾ ಅಂದ್ಲು. ಬಂದು ಬಚ್ಚಲ ನೋಡಿದ್ಲು. ನಗೂ ಹೆಂಗಸು ಅವತ್ತ ನಗಲಿಲ್ಲ. "ಇರುವಿ ಸುಳ್ಳ ಹೇಳಂಗಿಲ್ಲ ಬೇ. ಯಾರೋ ಉಣಸಾಕತ್ತಾರ" ಅಂತ ಸಣ್ಣ ದನಿಲೆ ಅಂದು ಹಾಲ ಮರತ ಹ್ವಾದ್ಲು.

ಕಡೀಕ ಅತ್ತೀನ್ನ ನೇರ ಕೇಳಿದೆ. ಅವರು ಸಿಟ್ಟಿಗೇಳಲಿಲ್ಲ. ಸೆರಗಿನ ಒಳಗಿಂದ ಕರಡಿಗಿ ತಗದು ಲಿಂಗ ಅಂಗೈಯಾಗ ಇಟಗೊಂಡ್ರು.

"ಇದರ ಆಣಿ. ನೀ ಕೊಟ್ಟದ್ದು ಬಿಟ್ಟು ಒಂದ ಹರಳ ಬೆಲ್ಲ ನನ್ನ ಬಾಯಾಗ ಹೋಗಿಲ್ಲ."

ನಮ್ಮ ಮನ್ಯಾಗ ಲಿಂಗ ಹಿಡದು ಯಾರೂ ಸುಳ್ಳ ಹೇಳಂಗಿಲ್ಲ. ನನಗ ಸಿಟ್ಟು ಹೋಗಿ ಅಂಜಿಕಿ ಬಂತು. ಸಿಟ್ಟಽ ಚಲೋ ಇತ್ತು. ಅವರು ಲಿಂಗ ತಿರಗಿ ಕರಡಿಗ್ಯಾಗ ಇಟ್ಟು ಮಾತಾಡಿದ್ರು, ಅಗದಿ ನಾಚಿಕೊಂಡ ಹುಡಿಗಿಯಂಗ.

"ನಿಮ್ಮ ಮಾವ ಬರ್ತಾರ."

"ಎಲ್ಲಿಗ್ರಿ?"

"ಮಧ್ಯಾಹ್ನ ಕಣ್ಣ ಮುಚ್ಚಿದ್ರ ಸಾಕು ಬರ್ತಾರ. ಧೋತರದ ಚುಂಗಿನ್ಯಾಗ ಬೆಲ್ಲ ಕಟಗೊಂಡ ಬರ್ತಾರ. ಒಂದ ತುಂಡ ಮುರದು ಬಾಯಾಗ ಇಡ್ತಾರ, ನಾ ತಿಂತೀನಿ. ಕನಸಿನ್ಯಾಗ ತಿಂದ್ರೂ ಪಥ್ಯ ಮುರದಂಗೇನ ಬೇ?"

ನಾ ನಕ್ಕು ಬಿಡಬೇಕಿತ್ತು. ನಗು ಬರಲಿಲ್ಲ. ಮರುದಿನ ಮಧ್ಯಾಹ್ನ ಒಲಿ ಕೆಲಸ ಮುಗಿಸಿ, ಬಾಯಿ ಒರಸ್ಕೋಂತ ಪಡಸಾಲಿಗೆ ಬಂದ್ರ ಅವರು ಕಂಬದ ಬುಡಕ್ಕ ಮಲಗಿದ್ರು. ನಿದ್ದಿಗಣ್ಣಾಗ ದವಡಿ ಆಡಾಕತ್ತಿತ್ತು. ಮೆಲ್ಲಕ ಏನೋ ಜಗಿಯಾಕತ್ತಿದ್ರು, ಗಂಟಲ ನುಂಗತಿತ್ತು. ನಾ ಮೊಳಕಾಲೂರಿ ಅವರ ಮಾರಿ ಹತ್ತೇಕ ಬಗ್ಗಿದೆ. ಬೆಲ್ಲದ ವಾಸನಿ ಬಂತು. ಖರೇನ ಬಂತು, ಹೊಸ ಬೆಲ್ಲದ ವಾಸನಿ. ಮ್ಯಾಲ ನೋಡಿದ್ರ ಮಾವನವರು ಫೋಟೋದಾಗ ನನ್ನಽ ನೋಡಾಕತ್ತಿದ್ರು, ಕೆಳಗ ಇರುವಿ ತಮ್ಮ ಪಾಡಿಗೆ ತಾವು ನಡದಿದ್ವು.

ಓದಿದವರಿಗೆ ಇದು ಹುಚ್ಚ ಅನಸಬಹುದು. ನಾನೂ ಹತ್ತನೇತ್ತ ಪಾಸಾದಾಕಿ. ಆದ್ರ ಸತ್ತವರು ಕನಸಿನ್ಯಾಗ ಕೊಟ್ಟದ್ದು ತಿನ್ನಬಾರದು, ತಿಂದ್ರ ಕರಕೊಂಡ ಹೋಗ್ತಾರ ಅಂತ ನಮ್ಮಲ್ಲಿ ಸಣ್ಣ ಕೂಸಿಗೂ ಗೊತ್ತು. ಕನಸಿನ ಬೆಲ್ಲ ಮೈಗೆ ಹತ್ತತೈತಿ, ಮೈಯಿಂದ ಗಾಯಕ್ಕ ಹತ್ತತೈತಿ ಅಂತ ನಾ ನಂಬಿದೆ. ಮಾವನವರು ಮೊದಲ ಬೆಟ್ಟು ಒಯ್ತಾರ, ಮ್ಯಾಲ ಕಾಲ ಒಯ್ತಾರ, ಆಮ್ಯಾಲ ಅತ್ತೀನ್ನಽ ಒಯ್ತಾರ ಅಂತ ಲೆಕ್ಕ ಹಾಕಿದೆ. ಅದಕ್ಕ ನಾ ಅತ್ತೀನ್ನ ಮಧ್ಯಾಹ್ನ ಮಲಗಾಕ ಬಿಡೂದಽ ಬಂದ್ ಮಾಡಿದೆ.

ಅವರ ಮುಂದ ಹತ್ತಿ ಇಟ್ಟು ಬತ್ತಿ ಹೊಸ್ಯಾಕ ಕುಂದರಸ್ತಿದ್ನಿ. ಕಣ್ಣ ಮುಚ್ಚಿದ್ರ ಚಪ್ಪಾಳಿ ಬಾರಸ್ತಿದ್ನಿ. ತೂಕಡಿಸಿದ್ರ ಮಾರಿಗೆ ನೀರ ಗೊಜ್ಜತಿದ್ನಿ. ಹಂಗ ಕುಂತಾಗ ನನಗೂ ಸಾಕಾಗತಿತ್ತು. ಬಾಜೂಕ ತುಂಬಿದ ಕೊಡಾ ಇಟಗೊಂಡು ತಂಬಗಿ ತಂಬಗಿ ನೀರ ಕುಡೀತಿದ್ನಿ. ಬಳಿ ಸಡ್ಲಾಗಿ ಮೊಣಕೈತನಕ ಏರತಿದ್ವು, ಅತ್ತಿ ಚಿಂತಿ ನನ್ನ ತಿನ್ನಾಕತ್ತೈತಿ ಅಂತ ಚಾಚಿ ಮುಂದ ಹೇಳಿಕೊಂಡು ಅತ್ತೆ. ಅತ್ತಿಯವರು ಬತ್ತಿ ಹೊಸ್ಯೂದು ಬಿಟ್ಟು ಒಂದಿನ ನನ್ನ ಮಾರಿ ನೋಡಿದ್ರು.

"ಬೆಲ್ಲ ಬಿಡಿಸಿದಿ, ಬಿಟ್ಟೆ. ನನ್ನ ಗಂಡನ್ನ ನೋಡಾಕೂ ಬಿಡವಲ್ಲಿ ಅಲ್ಲಾ," ಅಂದ್ರು.

ಗೊಜ್ಜಾಕ ತಗೊಂಡ ನೀರ ಕೈಯಾಗ ಹಂಗಽ ಹಿಡಕೊಂಡ ಕುಂತೆ.

ಹುಬ್ಬಳ್ಳಿಗೆ ತೋರಸಾಕ ಹೋದ್ರ ಡಾಕ್ಟರು ಕಾಗದ ನೋಡಿ, ಗಾಯ ನೋಡಿ, ಖುಷಿ ಪಟ್ರು. ಸಕ್ಕರಿ ಅಗದಿ ಹತೋಟ್ಯಾಗ ಐತಿ, ಬೆಟ್ಟು ಉಳೀತು, ಕಾಲಿಗೆ ಇನ್ನ ಅಂಜಿಕಿಲ್ಲ ಅಂದ್ರು. "ಏನ್ ತಿನಸ್ತೀರ್ರಿ ಇವರಿಗೆ?" ಅಂತ ಕೇಳಿದ್ರು. ಅತ್ತಿಯವರು ಹೆಮ್ಮಿಲೆ "ಹೋಳಿಗಿ" ಅಂದ್ರು. ಡಾಕ್ಟರು ನಕ್ಕರು, ನಮ್ಮನಿಯವರೂ ನಕ್ಕರು. ನಾ ಒಬ್ಬಾಕಿ ನಗಲಿಲ್ಲ. ಇರುವಿ ಸುದ್ದಿ ಬಾಯಿ ತುದಿಗೆ ಬಂದಿತ್ತು, ಉಚ್ಚಿ ಮಾತು ದೊಡ್ಡ ಡಾಕ್ಟರ ಮುಂದ ಹೆಂಗ ಆಡೂದು ಅಂತ ನುಂಗಿಕೊಂಡೆ. ಬಸ್ಸಿನ್ಯಾಗ ನಮ್ಮನಿಯವರ ಕಿವ್ಯಾಗ ಹೇಳಿದೆ.

"ಮಷೀನು ತಪ್ಪಬಹುದ್ರಿ. ಇರುವಿ ತಪ್ಪಂಗಿಲ್ಲ."

"ನಿನ್ನ ತಲಿ ಕೆಟ್ಟೈತಿ," ಅಂದು ಅವರು ಕಿಡಕಿ ಕಡೆ ಮಾರಿ ಹೊಳ್ಳಿಸಿದ್ರು. ಮುಂದಿನ ಸೀಟಿನ್ಯಾಗ ಅತ್ತಿಯವರು ಆರಾಮ ನಿದ್ದಿ ಹೊಡಿಯಾಕತ್ತಿದ್ರು. ದವಡಿ ಆಡತೈತೇನೋ ಅಂತ ನಾ ಊರ ಬರೂತನಕ ನೋಡ್ಕೋಂತ ಬಂದೆ.

ಆಮ್ಯಾಲ ಕಲಘಟಗಿಯಿಂದ ಕರಿ ಬಂತು. ನಮ್ಮ ನಾದಿನಿ, ಅಂದ್ರ ಅತ್ತಿ ಮಗಳ ಮನ್ಯಾಗ ಮೊಮ್ಮಗಳಿಗೆ ಹೆಸರಿಡೂ ಕಾರ್ಯ. ಬಣ್ಣದ ತೊಟ್ಟಿಲಾ ಮಾಡಿಸ್ಯಾರ, ಅತ್ತಿಯವರಽ ಮೊದಲ ತೂಗಬೇಕು ಅಂತ ಹಟ. ನಾ ನನ್ನ ಡಬ್ಬಿ ಪುಡಿ ಹಾಕಿದ ಹೋಳಿಗಿನ ಬುಟ್ಟಿ ತುಂಬ ಮಾಡಿ ಕೊಟ್ಟೆ. ಅತ್ತಿಯವರು ಬಸ್ಸಿನ ಮೆಟ್ಟಲಾ ಯಾರ ಕೈನೂ ಹಿಡೀದ ಏರಿದ್ರು. ನಮ್ಮನಿಯವರು ಅವರನ್ನ ಅಲ್ಲಿ ಬಿಟ್ಟು, ಅಂಗಡಿ ಮಾಲಿಗೆ ಹುಬ್ಬಳ್ಳ್ಯಾಗ ಉಳದು, ಮರುದಿನ ಸಂಜಿಗೆ ಬರೂದಂತ ಆತು.

ಅವರು ಹೋದಕೂಡಲೇ ನಾ ಬಚ್ಚಲಕ್ಕ ಕುದಿನೀರ ಹೊಯ್ದೆ. ಫಿನಾಯಲ್ ಹಾಕಿ ಕಲ್ಲು ತಿಕ್ಕಿದೆ, ಸಂದಿ ಸಂದಿಗೆ ಅರಿಷಿಣ ತುಂಬಿದೆ. ಒಂದ ಇರುವಿ ಉಳೀಲಿಲ್ಲ. ಎಷ್ಟೋ ದಿನದ ಮ್ಯಾಲ ಉಸರ ಆಡಿದಂಗ ಆತು. ಅತ್ತಿ ಇಲ್ಲ, ಅಂದ್ರ ಅವರ ಹಿಂದ ಬರೂ ಮಾವನವರೂ ಇಲ್ಲ. ಅವತ್ತ ಉಳದ ಬೆಲ್ಲದ ಹೂರಣ ಬಿಸಿ ಅನ್ನದಂಗ ಬಟ್ಟಲದಾಗ ಹಾಕ್ಕೊಂಡು, ತುಪ್ಪ ಬಿಟಗೊಂಡು, ಹೊಸ್ತಿಲದಾಗ ಕುಂತ ಉಂಡೆ.

ಮರುದಿನ ಮಧ್ಯಾಹ್ನ ಬಚ್ಚಲದ ಬಾಗಲಾ ತಗದ್ರ ಇರುವಿ ಇದ್ವು.

ಸಾಲಲ್ಲ. ಕಲ್ಲೇ ಕಾಣತಿರಲಿಲ್ಲ. ಅರಿಷಿಣ ದಾಟಿ, ಫಿನಾಯಲ್ ದಾಟಿ ಬಂದು ಮೂಲಿ ತುಂಬ ಕೆಂಪಗ ಕುದಿಯಾಕತ್ತಿದ್ವು. ಹೊರಗ ಬಿಸಲಿಗೆ ಓಣಿ ಸತ್ತಂಗ ಬಿದ್ದಿತ್ತು, ಒಂದ ನಾಯಿ ದನಿ ಇಲ್ಲ. ಮನಿ ತುಂಬ ಯಾರೋ ಕುಂತಾರ ಅನ್ನಿಸ್ತು. ನನಗ ಒಂದಽ ವಿಚಾರ ಬಂತು: ಅತ್ತಿಗೆ ಏನೋ ಆಗೇತಿ. ಕಲಘಟಗ್ಯಾಗ ಜೀವ ಹೋಗೇತಿ, ರೂಢಿ ತಪ್ಪದ ಮನಿಗೆ ಬಂದಾರ. ಕಲಘಟಗಿಗೆ ಫೋನ್ ಹಚ್ಚಿದೆ. ನಾದಿನಿ ಎತ್ತಿದ್ಲು, ನಾ ಏನೂ ಕೇಳದ "ಅತ್ತಿಗೆ ಕೊಡ, ಅತ್ತಿಗೆ ಕೊಡ" ಅಂದೆ.

"ಏನ ಬೇ," ಅಂತು ಅತ್ತಿ ದನಿ, ಗಟ್ಟಿ ದನಿ. "ಕೂಸಿಗೆ ಹೆಸರಿಟ್ಟಾತು. ನಿನ್ನ ಹೋಳಿಗಿ ಬೀಗರೆಲ್ಲಾ ಬಡದಾಡಿ ತಿಂದ್ರು, ಒಬ್ಬರಿಗೂ ತಿಳೀಲಿಲ್ಲ ನೋಡು!"

ಬೇರೆ ದಿನ ಆಗಿದ್ರ ಆ ಮಾತಿಗೆ ನಾ ಕುಣೀತಿದ್ನಿ.

"ಅತ್ತಿ, ಇರುವಿ ಬಂದಾವ್ರಿ."

"ಎಲ್ಲಿ?"

"ಬಚ್ಚಲದಾಗ. ಭಾಳ ಬಂದಾವು."

ಅವರ ಹಿಂದ ಹೆಂಗಸರ ನಗಿ ಕೇಳತಿತ್ತು. ಅವರು ಆಚೆ ಸರದು ಬಂದ್ರು ಅಂತ ಕಾಣತೈತಿ, ಗದ್ದಲ ಕಡಿಮಿ ಆತು.

"ನಾ ಇಲ್ಲಿ ಅದೀನಿ," ಅಂದ್ರು.

"ಹೌದ್ರಿ."

"ಅಂವಾ ಹುಬ್ಬಳ್ಳ್ಯಾಗ ಅದಾನ."

"ಹೌದ್ರಿ."

"ಮತ್ತ ಮನ್ಯಾಗ ಯಾರ ಅದಾರ?"

"ಯಾರೂ ಇಲ್ರಿ," ಅಂದೆ.

"ಯಾರೂ ಇಲ್ಲಂದ್ರ? ನೀ ಇಲ್ಲೇನ?"

ಬಾಯಿ ಒಣಗಿತ್ತು. ಕಂಬದ ಬಾಜೂಕಿನ ಕೊಡದಾಗ ತಂಬಗಿ ಅದ್ದಿ ಎತ್ತಿ ಕುಡದೆ. ಸಾಲಲಿಲ್ಲ, ಇನ್ನೊಂದ ತಂಬಗಿ ಕುಡದೆ. ಗಟಗಟ ಸಪ್ಪಳ ಫೋನಿನ್ಯಾಗ ಹೋಗಿರಬೇಕು.

"ಎಷ್ಟ ನೀರ ಕುಡಿತಿ ಬೇ?" ಅಂದ್ರು. ದನಿ ಬದಲಾಗಿತ್ತು. "ಯಾವಾಗಿಂದ ಕುಡ್ಯಾಕತ್ತಿ ಹಿಂಗ?"

"ಬ್ಯಾಸಗಿಯಿಂದ್ರಿ."

"ಬ್ಯಾಸಗಿ ಹೋಗಿ ಭಾಳ ದಿನ ಆತು." ಅಂದ್ರು. "ಕುಂದ್ರು. ಬೆಳಕಿಗೆ ಕುಂದ್ರು. ಪಾದ ತಿರುವಿ ನೋಡ್ಕೋ."

ಹೊಸ್ತಿಲದ ಬಿಸಲಿಗೆ ಕುಂತು ಕಾಲ ತೊಡಿ ಮ್ಯಾಲ ಇಟಗೊಂಡೆ. ಎಡಗಾಲು ಚಲೋ ಇತ್ತು. ಬಲಗಾಲಿನ ಹಿಮ್ಮಡದಾಗ ಒಂದ ಜಾಲಿ ಮುಳ್ಳು ಮುರದ ಕುಂತಿತ್ತು. ಸುತ್ತ ತೊಗಲ ಕರ್ರಗಾಗಿ ಮೆತ್ತಗಾಗಿತ್ತು. ಯಾವಾಗ ಹೊಕ್ಕಿತ್ತೋ ಶಿವನೇ ಬಲ್ಲ, ಅದರ ಮ್ಯಾಲ ನಾ ದಿನಾ ನಡದೀನಿ, ನೀರ ಹೊತ್ತೀನಿ.

"ಒಂದ ಮುಳ್ಳ ಐತ್ರಿ," ಅಂದೆ.

"ಒತ್ತು. ನೋವಾಗತೈತೇನ ಹೇಳು."

ಒತ್ತಿದೆ. ಉಗರ ಹಚ್ಚಿ ಒತ್ತಿದೆ. ನೋಯಲಿ, ಒಂದೀಟ ನೋಯಲಿ ಅಂತ ಇದ್ದ ದೇವರಿಗೆಲ್ಲಾ ಬೇಡಿಕೊಂಡು ಒತ್ತಿದೆ. ಬೇರೆ ಯಾರದೋ ಕಾಲ ಹಿಡದಂಗ ಇತ್ತು.

"ಇಲ್ರಿ ಅತ್ತಿ," ಅಂದೆ. "ನೋವಾಗವಲ್ದು."

ಅವರು ಮಗಳನ್ನ ಕೂಗಿದ್ರು. ಬಸ್ಸು ಎಷ್ಟೊತ್ತಿಗೆ, ನನ್ನ ಚಪ್ಪಲಿ ಎಲ್ಲಿ, ತೊಟ್ಟಿಲಾ ತೂಗಿದ್ದು ಸಾಕು, ನನ್ನ ಸೊಸಿ ಒಬ್ಬಾಕೇ ಅದಾಳ ಅಂತ ಒದರಾಕತ್ರು. ಇರ್ರಿ ಯವ್ವಾ, ಊಟಾ ಮಾಡಿ ಹೋಗೂಣು ಅಂತ ನಾದಿನಿ ಅನ್ನೂದು ಕೇಳಿಸ್ತು. ಅತ್ತಿಯವರು ಫೋನ್ ಬಂದ್ ಮಾಡೂದು ಮರತಿದ್ರು. ನಾ ಕಿವಿಗೆ ಹಚ್ಚಿಕೊಂಡ ಕುಂತೆ. ಕಲಘಟಗಿ ಮನಿ ಫರಶಿ ಮ್ಯಾಲ ಎರಡೂ ಕಾಲಿಲೆ ಅವರು ಲಗೂ ಲಗೂ ನಡದ ಬರೂ ಸಪ್ಪಳ ಕೇಳಾಕತ್ತಿತ್ತು.